ಮೆಥನಾಲ್ ಕಾಲಂ ಗಂಟೆಗೊಮ್ಮೆ ತೂಗಾಡ್ತಿದೆ: ಟ್ಯೂನಿಂಗ್ ತಪ್ಪೋ, ಲೂಪ್ ಜೋಡಣೆಯೇ ತಪ್ಪೋ?

ಬಿ ಶಿಫ್ಟ್, ತುಮಕೂರು | ಭಾನುವಾರ ರಾತ್ರಿ 11:20

ಎಲ್ಲರಿಗೂ ನಮಸ್ಕಾರ. ವಸಂತನರಸಾಪುರದಲ್ಲಿ ಔಷಧ ಕಚ್ಚಾವಸ್ತು ಮಾಡೋ ಒಂದು ಘಟಕದಲ್ಲಿ ಪ್ರೊಸೆಸ್ ನೋಡ್ಕೊಳ್ತೀನಿ. ಕಂಪನಿ ಹೆಸರು ಬೇಡ. ಎರಡು ತಿಂಗಳಿಂದ ಒಂದು ಸಾಲ್ವೆಂಟ್ ರಿಕವರಿ ಕಾಲಂ (ಬಳಸಿದ ದ್ರಾವಕವನ್ನ ಕುದಿಸಿ ಬೇರ್ಪಡಿಸೋ ಗೋಪುರ) ನನ್ನ ನಿದ್ದೆ ತಿಂತಿದೆ.

ಮೆಥನಾಲ್-ನೀರು. 30 ಸೀವ್ ಟ್ರೇ (ಆವಿ, ದ್ರವ ಸೇರೋ ತೂತಿನ ತಟ್ಟೆ), ಕೆಳಗಿಂದ ಎಣಿಸಿದ್ರೆ 10ನೇದಕ್ಕೆ ಫೀಡ್ (ಬೇರ್ಪಡಿಸಬೇಕಾದ ಮಿಶ್ರಣ). ಗಂಟೆಗೆ ಸುಮಾರು 3.5 ಘನ ಮೀಟರ್ ಫೀಡು, ತೂಕದ ಲೆಕ್ಕದಲ್ಲಿ ನೂರಕ್ಕೆ 35 ಮೆಥನಾಲ್. ಮೇಲೆ 99.5 ಬೇಕು, ಕೆಳಗೆ ಹೋಗೋ ನೀರಲ್ಲಿ 0.1ಕ್ಕಿಂತ ಕಡಿಮೆ ಇರಬೇಕು. ಕಂಡೆನ್ಸರ್ ವೆಂಟ್ ಹೊರಗಿನ ಗಾಳಿಗೆ ತೆರೆದಿದೆ. ಫೀಡ್ ಒಳಗೆ ಬರೋ ಮುಂಚೆ, ತಳದಿಂದ ಹೋಗೋ ಬಿಸಿನೀರಿನ ಜೊತೆ ಒಂದು ಪ್ರೀಹೀಟರ್‌ನಲ್ಲಿ ಶಾಖ ಬದಲಾಯಿಸ್ಕೊಂಡು ಬರುತ್ತೆ.

ಲೂಪ್‌ಗಳು (ಅಳತೆ ನೋಡಿ ವಾಲ್ವ್ ಆಡಿಸೋ ಕಂಟ್ರೋಲರ್‌ಗಳು): ಮೇಲಿನ ತಾಪಮಾನಕ್ಕೆ ರಿಫ್ಲಕ್ಸ್ (ಮೇಲೆ ತಣಿಸಿ ಕಾಲಂಗೆ ವಾಪಸ್ ಬಿಡೋ ದ್ರವ) ವಾಲ್ವ್, ಸೆಟ್ ಪಾಯಿಂಟ್, ಅಂದ್ರೆ ಗುರಿ, 64.7 ಡಿಗ್ರಿ. ಸಂಪ್ (ಕಾಲಂ ತಳ) ತಾಪಮಾನಕ್ಕೆ ಸ್ಟೀಮ್ ವಾಲ್ವ್. ಸ್ಕಿಡ್ (ಈ ಇಡೀ ಸಲಕರಣೆ) ಮಾಡಿದೋರು 100 ಅಂತ ಕೊಟ್ಟಿದ್ರು, ನಮ್ಮ ಆಪರೇಟರ್‌ಗಳು ಅನುಭವದಿಂದ 102 ಮಾಡ್ಕೊಂಡಿದಾರೆ. ರಿಫ್ಲಕ್ಸ್ ಡ್ರಮ್ ಲೆವೆಲ್‌ಗೆ ಡಿಸ್ಟಿಲೇಟ್ (ಮೇಲಿನ ಮಾಲು), ಸಂಪ್ ಲೆವೆಲ್‌ಗೆ ಬಾಟಮ್ಸ್ (ತಳದ ನೀರು) ವಾಲ್ವ್. ನಾಲ್ಕೂ ಪಿಐ: ತಪ್ಪಿನ ಗಾತ್ರಕ್ಕೊಂದು ತಿದ್ದುಪಡಿ (ಗೇನ್), ತಪ್ಪು ಉಳಿದಷ್ಟು ಹೊತ್ತಿಗೊಂದು (ಇಂಟೆಗ್ರಲ್).

ತೊಂದರೆ ಏನಂದ್ರೆ, ಸ್ಟೀಮ್ ಗಂಟೆಗೊಂದು ಸಲ ಏರಿ ಇಳಿಯುತ್ತೆ. ಜೋಕಾಲಿ ಥರ. ಅದರ ಜೊತೆ ಎಲ್ಲಾ ತೂಗುತ್ತೆ. ಲ್ಯಾಬ್‌ನೋರು ಮೇಲಿನ ಮಾಲು 98 ಅಂತಾರೆ, ಆಪರೇಟರ್ ರಿಫ್ಲಕ್ಸನ್ನ ಮ್ಯಾನುಯಲ್‌ಗೆ ಹಾಕಿ ಜಗ್ಗಿಸ್ತಾನೆ, ಆಮೇಲೆ ತಳದಲ್ಲಿ ಮೆಥನಾಲ್ ಜಾರುತ್ತೆ, ಇಟಿಪಿಯೋರು (ಕೊಳಚೆ ನೀರು ಶುದ್ಧಿ ಮಾಡೋರು) ಫೋನ್ ಮಾಡಿ ಬಯ್ತಾರೆ. ತಾಪಮಾನ ಲೂಪ್‌ಗಳನ್ನ ಹೆಂಗೆ ಟ್ಯೂನ್ ಮಾಡೋದು ಹೇಳ್ರಪ್ಪಾ.

ಉತ್ತರ ಪಿನಾಕಿನಿ, ಗೌರಿಬಿದನೂರು | ಭಾನುವಾರ ರಾತ್ರಿ 11:48

ಗೇನ್ ಜಾಸ್ತಿ ಇದೆ. ಅರ್ಧಕ್ಕೆ ಇಳಿಸಿ ನೋಡಿ.

ಬಿ ಶಿಫ್ಟ್ | ಸೋಮವಾರ ಬೆಳಿಗ್ಗೆ 12:05

ಮೂರು ಸಲ ಇಳಿಸಿದೀನಿ ಸಾರ್. ತಾಪಮಾನದ್ದೂ ಇಳಿಸ್ದೆ, ಲೆವೆಲ್ಲಿಂದೂ ಇಳಿಸ್ದೆ. ಮುಂಚೆ 35-40 ನಿಮಿಷಕ್ಕೊಂದು ಅಲೆ ಇತ್ತು, ಈಗ ಒಂದು ಗಂಟೆ ಆಗಿದೆ. ನಿಧಾನ ಆಯ್ತು, ನಿಲ್ಲಲಿಲ್ಲ.

ಹಳೇ ಮೀಟರ್, ತುಮಕೂರು | ಸೋಮವಾರ ಬೆಳಿಗ್ಗೆ 6:30

ಗೇನ್ ಇಳಿಸಿದಷ್ಟೂ ಅಲೆ ಉದ್ದವಾಗುತ್ತಿದೆ ಎಂದಿರಿ. ಆ ಮಾತು ನೆನಪಿಟ್ಟುಕೊಳ್ಳಿ, ಮತ್ತೆ ಬರುತ್ತೇನೆ. ಅದಕ್ಕೂ ಮೊದಲು ಆ 64.7.

ಅದು ಸಮುದ್ರಮಟ್ಟದಲ್ಲಿ, 760 ಮಿಮೀ ಪಾದರಸದ ಒತ್ತಡದಲ್ಲಿ ಶುದ್ಧ ಮೆಥನಾಲ್ ಕುದಿಯುವ ತಾಪಮಾನ. ನಿಮ್ಮ ಸ್ಕಿಡ್ ಕಟ್ಟಿದವರು ಕಡಲತೀರದವರಿರಬೇಕು, ಇಲ್ಲವೇ ಪಠ್ಯಪುಸ್ತಕದಿಂದ ಎತ್ತಿಟ್ಟಿದ್ದಾರೆ. ತುಮಕೂರು ಸುಮಾರು 820 ಮೀಟರ್ ಎತ್ತರದಲ್ಲಿದೆ. ಇಲ್ಲಿ ಗಾಳಿಯ ಒತ್ತಡ 690ರ ಆಸುಪಾಸು. ಈ ತಾಪಮಾನದ ಹತ್ತಿರ ಮೆಥನಾಲ್‌ಗೆ 1 ಮಿಮೀ ಒತ್ತಡ ಇಳಿದರೆ ಕುದಿಬಿಂದು 0.036 ಡಿಗ್ರಿಯಷ್ಟು ಇಳಿಯುತ್ತದೆ. 70 ಮಿಮೀಗೆ ಎರಡೂವರೆ ಡಿಗ್ರಿ. ಅಂದರೆ ನಿಮ್ಮ ಕಾಲಂ ತಲೆಯಲ್ಲಿ ಶುದ್ಧ ಮೆಥನಾಲ್ ಇದ್ದರೆ ತಾಪಮಾನ 62ರ ಸುಮಾರು ಇರಬೇಕು. ನೀವು 64.7 ಕೇಳುತ್ತಿದ್ದೀರಿ. ಕಂಟ್ರೋಲರ್ ಪಾಪ ಹೇಳಿದ ಮಾತು ಕೇಳುವ ಜಾತಿ; ತಾಪಮಾನ ಏರುವವರೆಗೂ ರಿಫ್ಲಕ್ಸ್ ಕಡಿಮೆ ಮಾಡಿ, ಮೇಲಕ್ಕೆ ನೀರು ಎಳೆದುಕೊಳ್ಳುತ್ತದೆ. ಎರಡೂವರೆ ಡಿಗ್ರಿ ಹೆಚ್ಚು ಎಂದರೆ ಮೇಲಿನ ಆವಿಯಲ್ಲಿ ನೂರಕ್ಕೆ ಕೆಲವು ಅಂಶ ನೀರು ಸೇರಿದೆ ಎಂದೇ ಅರ್ಥ. ನಿಮ್ಮ ಲ್ಯಾಬಿನ 98 ಎಲ್ಲಿಂದ ಬಂತು ಗೊತ್ತಾಯಿತೇ? ಲೂಪ್ ಕೆಟ್ಟಿಲ್ಲ. ಕೊಟ್ಟ ಅಪ್ಪಣೆಯೇ ತಪ್ಪು.

ನಿಮ್ಮ ಪ್ರೆಶರ್ ಟ್ರಾನ್ಸ್‌ಮಿಟರ್ ಗೇಜ್ ಒತ್ತಡ (ಹೊರಗಿನ ಗಾಳಿಗಿಂತ ಎಷ್ಟು ಹೆಚ್ಚು ಎಂಬುದು) ತೋರಿಸುವಂಥದ್ದಾದರೆ ಅದು ಚೆನ್ನೈನಲ್ಲೂ ಸೊನ್ನೆ, ತುಮಕೂರಿನಲ್ಲೂ ಸೊನ್ನೆ. ಹಾಗಾಗಿ ಯಾರಿಗೂ ಅನುಮಾನ ಬರುವುದಿಲ್ಲ. ನಲವತ್ತು ವರ್ಷದಲ್ಲಿ ಈ ಒಂದು ತಪ್ಪನ್ನು ಕೋಲಾರ, ತುಮಕೂರು ಸೇರಿ ಕನಿಷ್ಠ ಆರು ಕಡೆ ಕಂಡಿದ್ದೇನೆ.

ಈಗ ತಳ. ಕಾಲಂ ಡಿಪಿ, ಅಂದರೆ ತಳಕ್ಕೂ ತಲೆಗೂ ಇರುವ ಒತ್ತಡದ ವ್ಯತ್ಯಾಸ, ಎಷ್ಟಿದೆ?

ಬಿ ಶಿಫ್ಟ್ | ಸೋಮವಾರ ಬೆಳಿಗ್ಗೆ 7:10

ಗೇಜ್ ಟೈಪೇ ಸಾರ್. ಈಗಷ್ಟೇ ನೇಮ್‌ಪ್ಲೇಟ್ ನೋಡ್ಕೊಂಡು ಬಂದೆ. ಡಿಪಿ ಸುಮಾರು 2000 ಮಿಮೀ ನೀರಿನ ಕಂಬ, 100-150 ಅತ್ತಿತ್ತ ಆಡುತ್ತೆ.

ಹಳೇ ಮೀಟರ್ | ಸೋಮವಾರ ಬೆಳಿಗ್ಗೆ 9:15

2000 ಮಿಮೀ ನೀರು ಎಂದರೆ 147 ಮಿಮೀ ಪಾದರಸ. ಸಂಪ್‌ನಲ್ಲಿ ಒಟ್ಟು ಒತ್ತಡ 690 ಮತ್ತು 147, ಸುಮಾರು 837. ಅಲ್ಲಿ ಶುದ್ಧ ನೀರು ಕುದಿಯುವುದು 102.7ಕ್ಕೆ. ನಿಮ್ಮ ಆಪರೇಟರ್‌ಗಳು ಪುಸ್ತಕ ಓದದೆ 102ಕ್ಕೆ ಬಂದು ಮುಟ್ಟಿದ್ದಾರೆ, ಅವರಿಗೆ ಒಂದು ಕಾಫಿ ಕೊಡಿಸಿ. ಬಹುತೇಕ ಸರಿ.

ಆದರೆ ಸಂಪ್ ತಾಪಮಾನವನ್ನು ಹಿಡಿದು ಕಾಲಂ ನಡೆಸುವುದೇ ತಪ್ಪು. ಲೆಕ್ಕ ನೋಡಿ. ನೀರಿನಲ್ಲಿ ತೂಕಕ್ಕೆ ನೂರಕ್ಕೆ 0.1 ಮೆಥನಾಲ್ ಸೇರಿದರೆ ಕುದಿಬಿಂದು ಇಳಿಯುವುದು ಸುಮಾರು 0.1 ಡಿಗ್ರಿ. ನಿಮ್ಮ ಡಿಪಿ 100 ಮಿಮೀ ನೀರಿನಷ್ಟು ಅಲ್ಲಾಡಿದರೆ, ಅಂದರೆ 7 ಮಿಮೀ ಪಾದರಸ, ಅಷ್ಟಕ್ಕೇ ಕಾಲು ಡಿಗ್ರಿ ಅಲ್ಲಾಡುತ್ತದೆ. ಹಾಗಾದರೆ ಆ ಆರ್‌ಟಿಡಿ (ತಾಪಮಾನ ಅಳೆಯುವ ಕಡ್ಡಿ) ಅಳೆಯುತ್ತಿರುವುದು ಮೆಥನಾಲನ್ನೋ, ಟ್ರೇಗಳ ಒತ್ತಡವನ್ನೋ? ಸ್ಟೀಮ್ ಏರಿದರೆ ಡಿಪಿ ಏರುತ್ತದೆ, ಡಿಪಿ ಏರಿದರೆ ಸಂಪ್ ತಾಪಮಾನ ಏರುತ್ತದೆ, ಕಂಟ್ರೋಲರ್ 'ಮೆಥನಾಲ್ ಖಾಲಿಯಾಯಿತು' ಎಂದುಕೊಂಡು ಸ್ಟೀಮ್ ಇಳಿಸುತ್ತದೆ. ಕುರುಡನಿಗೆ ಕೋಲು ಕೊಟ್ಟು ಬಣ್ಣ ಕೇಳಿದ ಹಾಗೆ.

ಮೇಲಿನ ತುದಿಯೂ ಅಷ್ಟೇ. 99.5ಕ್ಕೂ 99.8ಕ್ಕೂ ನಡುವೆ ತಾಪಮಾನದ ವ್ಯತ್ಯಾಸ ಅರ್ಧ ಡಿಗ್ರಿಯೂ ಇಲ್ಲ. ನಮ್ಮ ಕಡೆ ಗಾಳಿಯ ಒತ್ತಡ ದಿನಕ್ಕೆ ಎರಡು ಸಲ ಉಸಿರಾಡುತ್ತದೆ. ಬೆಳಿಗ್ಗೆ ಮತ್ತು ರಾತ್ರಿ 10ರ ಸುಮಾರಿಗೆ ಹೆಚ್ಚು, ನಸುಕಿನ ಮತ್ತು ಸಂಜೆಯ 4ರ ಸುಮಾರಿಗೆ ಕಡಿಮೆ, ನಡುವೆ ಎರಡು ಮೂರು ಮಿಮೀ ಪಾದರಸ. ಗಾಳಿಗೆ ತೆರೆದ ಕಾಲಂಗೆ ಅಷ್ಟರಲ್ಲೇ 0.1 ಡಿಗ್ರಿ ಹೋಗುತ್ತದೆ.

ತುದಿಗಳನ್ನು ಬಿಡಿ. ಮಧ್ಯದಲ್ಲಿ ಯಾವ ಟ್ರೇಯಲ್ಲಿ ತಾಪಮಾನ ಕಡಿದಾಗಿ ಏರುತ್ತದೋ ಅದನ್ನು ಹಿಡಿಯಿರಿ. ಎಲ್ಲೆಲ್ಲಿ ಆರ್‌ಟಿಡಿ ಇದೆ?

ತಟ್ಟೆ ಇಡ್ಲಿ, ಎಸ್‌ಐಟಿ | ಸೋಮವಾರ ಮಧ್ಯಾಹ್ನ 1:30

ಕೆಮಿಕಲ್ ಎಂಜಿನಿಯರಿಂಗ್ ಮೂರನೇ ವರ್ಷ. ಮಧ್ಯೆ ಬಾಯಿ ಹಾಕ್ತಿರೋದಕ್ಕೆ ಕ್ಷಮಿಸಿ. ಕ್ಲಾಸಲ್ಲಿ ಕಾಲಂಗೆ ಐದು ವಾಲ್ವ್, ಐದು ಅಳತೆ ಅಂತ ಹೇಳಿದ್ರು: ಒತ್ತಡ, ಎರಡು ಲೆವೆಲ್, ಮೇಲಿನ ಶುದ್ಧತೆ, ಕೆಳಗಿನ ಶುದ್ಧತೆ. ಹಾಗಿದ್ರೆ ಎರಡೂ ತುದಿ ಕಂಟ್ರೋಲ್ ಮಾಡ್ಲೇಬೇಕಲ್ವಾ? ಇಲ್ಲಿ ಒಂದೇ ತಾಪಮಾನ ಹಿಡಿಯಿರಿ ಅನ್ನೋ ಥರ ಮಾತು ಹೋಗ್ತಿದೆ.

ಹಳೇ ಮೀಟರ್ | ಸೋಮವಾರ ಸಂಜೆ 5:40

ಒಳ್ಳೆಯ ಪ್ರಶ್ನೆ. ಕ್ಯಾತ್ಸಂದ್ರದಲ್ಲಿ ತಟ್ಟೆ ಇಡ್ಲಿ ಸ್ಟ್ಯಾಂಡ್ ನೋಡಿದ್ದೀಯಲ್ಲ, ಒಂದೇ ಪಾತ್ರೆ, ಒಂದೇ ಉಗಿ. ಕೆಳಗಿನ ತಟ್ಟೆಗೊಂದು ಉರಿ, ಮೇಲಿನದಕ್ಕೊಂದು ಉರಿ ಎಂದು ಇಡಕ್ಕಾಗುತ್ತಾ? ಕಾಲಂನ ಎರಡು ತುದಿಗಳೂ ಹಾಗೆಯೇ ಒಂದಕ್ಕೊಂದು ಅಂಟಿಕೊಂಡಿವೆ.

ಲೆಕ್ಕಕ್ಕೆ ಬೇಕಾದರೆ ವುಡ್ ಮತ್ತು ಬೆರ್ರಿ 1973ರಲ್ಲಿ ಪ್ರಕಟಿಸಿದ ಕಾಲಂ ಮಾದರಿ ತೆಗೆದುಕೋ, ಅದೂ ಮೆಥನಾಲ್-ನೀರೇ. ರಿಫ್ಲಕ್ಸ್ ಬದಲಿಸಿದರೆ ಮೇಲಿನ ಶುದ್ಧತೆಗೆ ಗೇನ್ (ಇಲ್ಲಿ ಪರಿಣಾಮದ ಪ್ರಮಾಣ) 12.8, ಕೆಳಗಿನದಕ್ಕೆ 6.6. ಸ್ಟೀಮ್ ಬದಲಿಸಿದರೆ ಮೇಲಿನದಕ್ಕೆ ಮೈನಸ್ 18.9, ಕೆಳಗಿನದಕ್ಕೆ ಮೈನಸ್ 19.4. ಬ್ರಿಸ್ಟಲ್ 1966ರಲ್ಲಿ ಹೇಳಿಕೊಟ್ಟ ರಿಲೇಟಿವ್ ಗೇನ್ ತೆಗೆ: 12.8 ಗುಣಿಸು 19.4, 248.3. 18.9 ಗುಣಿಸು 6.6, 124.7. ಮೊದಲನೆಯದನ್ನು ಎರಡರ ವ್ಯತ್ಯಾಸದಿಂದ ಭಾಗಿಸಿದರೆ 2.01. ಅರ್ಥ ಏನು? ಕೆಳಗಿನ ಲೂಪ್ ಆಟೋಗೆ ಹಾಕಿದ ಕ್ಷಣದಿಂದ ಮೇಲಿನ ಲೂಪಿನ ಗೇನ್ ಅರ್ಧಕ್ಕಿಳಿಯುತ್ತದೆ. ಒಬ್ಬ ಎಳೆದದ್ದನ್ನು ಇನ್ನೊಬ್ಬ ಅರ್ಧ ವಾಪಸ್ ಎಳೆಯುತ್ತಾನೆ. 2 ಇದ್ದರೆ ನಿಭಾಯಿಸಬಹುದು. ಅತಿ ಶುದ್ಧತೆಯ ಕಾಲಂಗಳಲ್ಲಿ ಇದು ಹತ್ತಾರು ಪಟ್ಟು ಏರುತ್ತದೆ. ಸ್ಕೋಗೆಸ್ಟಾಡ್ ಮತ್ತು ಮೊರಾರಿ 1988ರಲ್ಲಿ ತೆಗೆದುಕೊಂಡ ಪ್ರಸಿದ್ಧ ಉದಾಹರಣೆಯಲ್ಲಿ 35. ಅಲ್ಲಿ ರಿಫ್ಲಕ್ಸ್-ಸ್ಟೀಮ್ ಎರಡನ್ನೂ ಬಿಟ್ಟರೆ ಬೀದಿ ಜಗಳ.

ಅದಕ್ಕೇ ಕಾರ್ಖಾನೆಗಳಲ್ಲಿ ಬಹಳಷ್ಟು ಕಾಲಂಗಳನ್ನು ಒಂದೇ ತಾಪಮಾನದಿಂದ ನಡೆಸುತ್ತಾರೆ. ಇನ್ನೊಂದು ಸ್ವಾತಂತ್ರ್ಯವನ್ನು ಫೀಡ್‌ಗೆ ತಕ್ಕ ರಿಫ್ಲಕ್ಸ್ ಎಂಬ ಅನುಪಾತಕ್ಕೆ ಕಟ್ಟಿಹಾಕುತ್ತಾರೆ. ಸ್ವಲ್ಪ ಹೆಚ್ಚು ರಿಫ್ಲಕ್ಸ್ ಇಟ್ಟುಕೊಂಡು ಮೇಲಿನ ಶುದ್ಧತೆಯನ್ನು ಕೊಂಡುಕೊಳ್ಳುವ ಲೆಕ್ಕ. ಅದಕ್ಕೆ ಬೆಲೆಯೂ ಇದೆ: ಮೆಥನಾಲ್ ಆವಿಯಾಗಲು ಕಿಲೋಗೆ ಸುಮಾರು 1100 ಕಿಲೋಜೂಲ್, ಉಗಿ ಕೊಡುವುದು ಸುಮಾರು 2150. ಒಂದು ಕಿಲೋ ಹೆಚ್ಚುವರಿ ರಿಫ್ಲಕ್ಸ್‌ಗೆ ಅರ್ಧ ಕಿಲೋ ಉಗಿ ದಂಡ.

ಮಾಲೂರು ಬಾಯ್ಲರ್ | ಸೋಮವಾರ ರಾತ್ರಿ 8:05

ಉಗಿ ಅಂದಿದ್ದಕ್ಕೆ ಬಂದೆ. ನಿಮ್ಮ ಸ್ಟೀಮ್ ವಾಲ್ವ್‌ಗೆ ತಾಪಮಾನದ ಕಂಟ್ರೋಲರ್ ನೇರವಾಗಿ ಕೂತಿದ್ಯಾ, ನಡುವೆ ಫ್ಲೋ ಲೂಪ್ ಇದ್ಯಾ? ನಮ್ಮ ಕಡೆ ಬಾಯ್ಲರ್‌ಗೆ ನೀಲಗಿರಿ ಸೌದೆ, ಕೆಲವು ಸಲ ಕಡಲೆಕಾಯಿ ಸಿಪ್ಪೆ ಬ್ರಿಕೆಟ್. ಫೈರ್‌ಮನ್ ಬಾಗಿಲು ತೆಗೆದು ಹಸಿ ಸೌದೆ ತುಂಬಿದ ಅಂದ್ರೆ ಹೆಡರ್ (ಉಗಿಯ ಮುಖ್ಯ ಕೊಳವೆ) ಒತ್ತಡ ಒಂದು ಕಿಲೋ ಇಳಿದೇ ಇಳಿಯುತ್ತೆ. ವಾಲ್ವ್ ಅಲ್ಲೇ ಇರುತ್ತೆ, ಉಗಿ ಕಡಿಮೆ ಹೋಗುತ್ತೆ. ಕಾಲಂ ಒಳಗೆ ತಾಪಮಾನ ಬಿದ್ದ ಮೇಲೇ ಕಂಟ್ರೋಲರ್‌ಗೆ ಎಚ್ಚರ. ಅಷ್ಟೊತ್ತಿಗೆ ಮೆಥನಾಲ್ ಕೆಳಗಿಳಿದಾಗಿರುತ್ತೆ.

ಕ್ಯಾಸ್ಕೇಡ್ ಹಾಕಿ. ತಾಪಮಾನದ ಕಂಟ್ರೋಲರ್ ಇಷ್ಟು ಕಿಲೋ ಉಗಿ ಬೇಕು ಅಂತ ಮಾತ್ರ ಹೇಳಲಿ. ಕೆಳಗಿನ ಫ್ಲೋ ಕಂಟ್ರೋಲರ್ ಹೆಡರ್ ಏನೇ ಆದ್ರೂ ಅಷ್ಟನ್ನ ಕೊಡಲಿ. ಕೆಳಗಿನದು ಮೇಲಿನದಕ್ಕಿಂತ ನಾಲ್ಕೈದು ಪಟ್ಟು ಚುರುಕಾಗಿರಬೇಕು ಅಷ್ಟೇ. ಉಗಿ ಫ್ಲೋ ಲೂಪ್ ಸೆಕೆಂಡುಗಳ ಲೆಕ್ಕ, ತಾಪಮಾನ ನಿಮಿಷಗಳ ಲೆಕ್ಕ, ತೊಂದರೆ ಇಲ್ಲ.

ಬಿ ಶಿಫ್ಟ್ | ಸೋಮವಾರ ರಾತ್ರಿ 10:50

ನೇರವಾಗಿ ಕೂತಿದೆ ಅಣ್ಣ. ಉಗಿಗೆ ಆರಿಫೈಸ್ ಮೀಟರ್ ಇದೆ, ಬಿಲ್ ಲೆಕ್ಕಕ್ಕೆ ಮಾತ್ರ ಬಳಸ್ತಿದ್ವಿ!

ಹಳೇ ಮೀಟರ್ ಸಾರ್, ಆರ್‌ಟಿಡಿ ಇರೋದು 3, 7, 14, 27ನೇ ಟ್ರೇಗಳಲ್ಲಿ, ಮತ್ತೆ ಎರಡು ತುದಿಯಲ್ಲಿ. 7 ಸುಮಾರು 84 ಡಿಗ್ರಿ ತೋರಿಸುತ್ತೆ. ಅದನ್ನ ಯಾರೂ ನೋಡ್ತಿರಲಿಲ್ಲ, ಟ್ರೆಂಡ್‌ಗೂ ಹಾಕಿಲ್ಲ.

ಹಳೇ ಮೀಟರ್ | ಮಂಗಳವಾರ ಬೆಳಿಗ್ಗೆ 6:20

ಎರಡು ಪರೀಕ್ಷೆ ಮಾಡಿ. ಸಾಧ್ಯವಾದರೆ ಫೀಡ್ ಸ್ಥಿರವಾಗಿರುವ ದಿನ.

ಮೊದಲನೆಯದು: ಎರಡೂ ತಾಪಮಾನ ಲೂಪ್ ಮ್ಯಾನುಯಲ್. ರಿಫ್ಲಕ್ಸ್, ಸ್ಟೀಮ್ ಎರಡನ್ನೂ ಮುಟ್ಟಬೇಡಿ. ಮೂರು ಗಂಟೆ ಸುಮ್ಮನೆ ಕೂತು ನೋಡಿ. ಅಲೆ ನಿಂತರೆ ತಪ್ಪು ತಾಪಮಾನ ಲೂಪಿನದು. ನಿಲ್ಲದಿದ್ದರೆ ಕಳ್ಳ ಬೇರೆ. ಟ್ಯೂನಿಂಗ್ ಮುಟ್ಟುವ ಮೊದಲು ಈ ಮೂರು ಗಂಟೆ ಕೂರುವ ತಾಳ್ಮೆ ಯಾರಿಗೂ ಇರುವುದಿಲ್ಲ.

ಎರಡನೆಯದು: ಅಲೆ ನಿಂತ ಮೇಲೆ ರಿಫ್ಲಕ್ಸನ್ನು ನೂರಕ್ಕೆ 2ರಷ್ಟು ಮಾತ್ರ ಇಳಿಸಿ, ಯಾವ ಟ್ರೇ ಹೆಚ್ಚು ಅಲ್ಲಾಡಿತು ಬರೆದುಕೊಳ್ಳಿ. ವಾಪಸ್ ತಂದು, 2ರಷ್ಟು ಏರಿಸಿ. ಎರಡೂ ದಿಕ್ಕಿಗೆ ಸರಿಸುಮಾರು ಸಮನಾಗಿ ಅಲ್ಲಾಡುವ ಟ್ರೇ ಬೇಕು. 5 ಅಥವಾ 10ರಷ್ಟು ತಳ್ಳಿದರೆ ಒಂದು ಕಡೆ ಎಲ್ಲವೂ ನೀರಾಗಿ, ಇನ್ನೊಂದು ಕಡೆ ಎಲ್ಲವೂ ಮೆಥನಾಲ್ ಆಗಿ, ಉತ್ತರ ಮೋಸ ಮಾಡುತ್ತದೆ.

ಉತ್ತರ ಪಿನಾಕಿನಿ | ಮಂಗಳವಾರ ಬೆಳಿಗ್ಗೆ 10:10

ನನ್ನ ಮೊದಲ ಸಲಹೆ ವಾಪಸ್ ತಗೊಳ್ತೀನಿ. ಆದ್ರೆ ಒಂದು ಮಾತು ಸೇರಿಸ್ತೀನಿ. ಪರೀಕ್ಷೆ ಹಗಲಲ್ಲೇ ಮಾಡಿ. ಚಳಿಗಾಲದ ಬೆಳಗಿನ ಜಾವ ನಮ್ಮ ಕಡೆ ಕೂಲಿಂಗ್ ಟವರ್ ನೀರು ಮಧ್ಯಾಹ್ನಕ್ಕಿಂತ ಎಷ್ಟೋ ತಣ್ಣಗಿರುತ್ತೆ. ರಿಫ್ಲಕ್ಸ್ ಕುದಿಬಿಂದುಗಿಂತ 20 ಡಿಗ್ರಿ ತಣ್ಣಗೆ ವಾಪಸ್ ಬಂದ್ರೆ, ಅದನ್ನ ಬಿಸಿ ಮಾಡೋಕೆ ಮೇಲಿನ ಟ್ರೇಯಲ್ಲಿ ಇನ್ನಷ್ಟು ಆವಿ ದ್ರವ ಆಗುತ್ತೆ. ಮೀಟರ್ ಅದೇ ರಿಫ್ಲಕ್ಸ್ ತೋರಿಸುತ್ತೆ, ಒಳಗೆ ಹರಿಯೋದು ನೂರಕ್ಕೆ 5ರಷ್ಟು ಜಾಸ್ತಿ. ನೀವು 2ರಷ್ಟು ಬದಲಾಯಿಸಿ ಏನೋ ಕಂಡುಹಿಡೀತೀನಿ ಅಂತ ಕೂತಿರುವಾಗ ಟವರ್ 5ರಷ್ಟು ಬದಲಾಯಿಸಿರುತ್ತೆ.

ಇನ್ನೊಂದು, ಬೋರ್‌ವೆಲ್ ನೀರೇ ಟವರ್‌ಗೆ ಹೋಗ್ತಿದ್ರೆ ಕಂಡೆನ್ಸರ್ ಟ್ಯೂಬ್ ಬಿಚ್ಚಿ ನೋಡಿ. ನಮ್ಮದರಲ್ಲಿ ಕಲ್ಲು ಕಟ್ಟಿತ್ತು.

ಬಿ ಶಿಫ್ಟ್ | ಬುಧವಾರ ರಾತ್ರಿ 11:35

ಮೂರು ಗಂಟೆ ಕೂತೆ. ಶಿಫ್ಟ್ ಇನ್‌ಚಾರ್ಜ್ ಎರಡು ಸಲ ಬಂದು "ಏನಪ್ಪಾ, ಧ್ಯಾನ ಮಾಡ್ತಿದೀಯಾ" ಅಂದ್ರು.

ಎರಡೂ ತಾಪಮಾನ ಲೂಪ್ ಮ್ಯಾನುಯಲ್. ಸ್ಟೀಮ್ ಗೆರೆ ಎಳೆದ ಹಾಗೆ ನೇರ. ಆದ್ರೂ ಅಲೆ ನಿಲ್ಲಲಿಲ್ಲ! ಬಾಟಮ್ಸ್ ಫ್ಲೋ ಗಂಟೆಗೆ 1.6ರಿಂದ 3 ಘನ ಮೀಟರ್ ನಡುವೆ ತೂಗ್ತಾನೇ ಇತ್ತು. ಪ್ರೀಹೀಟರ್ ದಾಟಿ ಬರೋ ಫೀಡ್ ತಾಪಮಾನ 66ರಿಂದ 74. 7ನೇ ಟ್ರೇ ಅದರ ಹಿಂದೆ ಹಿಂದೆ.

ಆಮೇಲೆ ತಲೆ ಓಡ್ತು. ಸಂಪ್ ಲೆವೆಲ್ ಲೂಪನ್ನೂ ಮ್ಯಾನುಯಲ್ ಮಾಡ್ದೆ. ಒಂದೂವರೆ ಗಂಟೆಯಲ್ಲಿ ಎಲ್ಲಾ ಮಲಗಿಬಿಡ್ತು. ಲೆವೆಲ್ 50ರಿಂದ 58ಕ್ಕೆ ತೆವಳಿತು ಅಷ್ಟೇ.

ಅಂದ್ರೆ ಸ್ಟೀಮ್ ಜೋಕಾಲಿ ಆಡ್ತಿರಲಿಲ್ಲ. ಲೆವೆಲ್ ಲೂಪ್ ಬಾಟಮ್ಸ್ ಫ್ಲೋನ ಆಡಿಸ್ತಿತ್ತು, ಅದು ಪ್ರೀಹೀಟರ್ ಮೂಲಕ ಫೀಡ್ ಬಿಸಿಯನ್ನ ಆಡಿಸ್ತಿತ್ತು, ಸ್ಟೀಮ್ ಅದನ್ನ ಅಟ್ಟಿಸ್ಕೊಂಡು ಓಡ್ತಿತ್ತು. ಎರಡು ತಿಂಗಳು ನಾನು ತಪ್ಪು ಲೂಪಿನ ಕಿವಿ ಹಿಂಡಿದೀನಿ.

ಲೆವೆಲ್ ಕಂಟ್ರೋಲರ್‌ನಲ್ಲಿ ಈಗ ಪ್ರಪೋರ್ಷನಲ್ ಬ್ಯಾಂಡ್ 250, ಇಂಟೆಗ್ರಲ್ 3 ನಿಮಿಷ ಇದೆ.

ಹಳೇ ಮೀಟರ್ | ಗುರುವಾರ ಬೆಳಿಗ್ಗೆ 6:45

ಸಿಕ್ಕಿಬಿದ್ದ. ಸಂಪ್‌ನ ಲೆವೆಲ್ ಟ್ರಾನ್ಸ್‌ಮಿಟರ್ ಸೊನ್ನೆಯಿಂದ ನೂರರವರೆಗೆ ಎಷ್ಟು ನೀರು ಹಿಡಿಯುತ್ತದೆ? ಬಾಟಮ್ಸ್ ವಾಲ್ವ್ ಪೂರ್ತಿ ತೆರೆದರೆ ಗಂಟೆಗೆ ಎಷ್ಟು?

ಬಿ ಶಿಫ್ಟ್ | ಗುರುವಾರ ಬೆಳಿಗ್ಗೆ 7:02

1.2 ಘನ ಮೀಟರ್. ವಾಲ್ವ್ ಪೂರ್ತಿ ತೆರೆದ್ರೆ ಗಂಟೆಗೆ 6.

ಹಳೇ ಮೀಟರ್ | ಗುರುವಾರ ಬೆಳಿಗ್ಗೆ 8:30

ಹಾಗಾದರೆ ಪೂರ್ತಿ ತೆರೆದ ವಾಲ್ವ್ ಪೂರ್ತಿ ಸಂಪನ್ನು 12 ನಿಮಿಷದಲ್ಲಿ ಬರಿದು ಮಾಡುತ್ತದೆ. ಇದು ಲೆವೆಲ್‌ನ ಗುಣ, ನೆನಪಿಡಿ: 12 ನಿಮಿಷ.

ಪ್ರಪೋರ್ಷನಲ್ ಬ್ಯಾಂಡ್ 250 ಎಂದರೆ ಗೇನ್ 100 ಭಾಗಿಸು 250, ಅಂದರೆ 0.4. ಇಂಟೆಗ್ರಲ್ 3 ನಿಮಿಷ. ಎರಡರ ಗುಣಲಬ್ಧ 1.2.

ಲೆವೆಲ್ ತಾನೇ ಒಂದು ಇಂಟೆಗ್ರೇಟರ್ (ಬಂದದ್ದನ್ನು ಕೂಡಿಸುತ್ತಾ ಹೋಗುವಂಥದ್ದು). ಅದಕ್ಕೆ ಕಂಟ್ರೋಲರಿನ ಇಂಟೆಗ್ರಲ್ ಸೇರಿದರೆ ಎರಡು ಇಂಟೆಗ್ರೇಟರ್ ಒಂದರ ಹಿಂದೆ ಒಂದು. ಹಿಡಿದು ನಿಲ್ಲಿಸುವವನು ಗೇನ್ ಒಬ್ಬನೇ. ಅಲೆ ಏಳದಿರಬೇಕಾದರೆ ಗೇನ್ ಮತ್ತು ಇಂಟೆಗ್ರಲ್ ಸಮಯದ ಗುಣಲಬ್ಧ ಆ 12 ನಿಮಿಷದ ನಾಲ್ಕು ಪಟ್ಟು, ಅಂದರೆ 48ಕ್ಕಿಂತ ಹೆಚ್ಚಿರಬೇಕು. ನಿಮ್ಮದು 1.2. ಅಲೆಯ ಅವಧಿಯನ್ನೂ ಲೆಕ್ಕ ಹಾಕಬಹುದು: 12 ಗುಣಿಸು 3, ಭಾಗಿಸು 0.4, ಬರುವುದು 90. ಅದರ ವರ್ಗಮೂಲ 9.5, ಅದನ್ನು 6.28ರಿಂದ ಗುಣಿಸಿದರೆ 60 ನಿಮಿಷ. ನಿಮ್ಮ ಗಂಟೆಗೊಂದು ಅಲೆ.

ಈಗ ಮೊದಲ ದಿನದ ಮಾತಿಗೆ ಬನ್ನಿ. ಗೇನ್ ಇಳಿಸಿದಷ್ಟೂ ಅಲೆ ಉದ್ದವಾಯಿತು ಎಂದಿರಿ. ಫ್ಲೋ ಲೂಪು, ತಾಪಮಾನ ಲೂಪು ಕುಣಿದರೆ ಗೇನ್ ಇಳಿಸುವುದು ಸರಿ. ಲೆವೆಲ್ ಲೂಪು ನಿಧಾನವಾಗಿ, ಗಜಗಮನದಲ್ಲಿ ತೂಗಿದರೆ ಗೇನ್ ಏರಿಸಬೇಕು, ಇಲ್ಲವೇ ಇಂಟೆಗ್ರಲ್ ನಿಮಿಷ ಹೆಚ್ಚಿಸಬೇಕು. ಎಲ್ಲರ ಕೈ ಮೊದಲು ಉಲ್ಟಾ ದಿಕ್ಕಿಗೇ ಹೋಗುತ್ತದೆ.

ಲೆಕ್ಕದ ಪ್ರಕಾರ ಇದು ತಾನಾಗಿ ಕರಗಬೇಕಾದ ಅಲೆ, ಕರಗುತ್ತಿಲ್ಲ ಎಂದರೆ ವಾಲ್ವ್ ಅಂಟಿಕೊಳ್ಳುತ್ತಿರಬಹುದು. ಕಂಟ್ರೋಲರ್ ಔಟ್‌ಪುಟ್ ಅರ್ಧರ್ಧ ಅಂಕ ಏರಿಸುತ್ತಾ, ವಾಲ್ವಿನ ಕಾಂಡ (ಸ್ಟೆಮ್) ಯಾವಾಗ ಅಲ್ಲಾಡುತ್ತದೆ ಎಂದು ಕಣ್ಣಲ್ಲಿ ನೋಡಿ.

ಉತ್ತರ ಪಿನಾಕಿನಿ | ಗುರುವಾರ ಬೆಳಿಗ್ಗೆ 11:20

ಪ್ರಪೋರ್ಷನಲ್ ಬ್ಯಾಂಡ್ ಏರಿಸಿದ್ರೆ ಗೇನ್ ಇಳಿಯುತ್ತೆ, ಹುಷಾರು. ನಾನು ಒಂದ್ಸಲ ಗೇನ್ ಅಂತ ತಿಳ್ಕೊಂಡು ಬ್ಯಾಂಡನ್ನ 20ರಿಂದ 200 ಮಾಡಿ ಡ್ರಮ್ ತುಂಬಿಸಿ ವೆಂಟಿಂದ ಉಕ್ಕಿಸಿದೀನಿ. ಕೆಲವು ಪಿಎಲ್‌ಸಿಗಳಲ್ಲಿ (ಕಂಟ್ರೋಲ್ ಕಂಪ್ಯೂಟರ್) ಇಂಟೆಗ್ರಲ್ ಸೆಕೆಂಡ್, ಕೆಲವದರಲ್ಲಿ ನಿಮಿಷ, ಇನ್ನು ಕೆಲವದರಲ್ಲಿ ನಿಮಿಷಕ್ಕೆ ಎಷ್ಟು ಸಲ ಅಂತ ತಲೆಕೆಳಗು. ಅದರ ಕೈಪಿಡಿ ತೆಗೆದು ನೋಡಿ ಮುಟ್ಟಿ.

ಆದ್ರೆ ಹಳೇ ಮೀಟರ್ ಅವರೇ, ಬಾಟಮ್ಸ್ ಪ್ರೀಹೀಟರ್‌ಗೆ ಹೋಗ್ತಿದೆ ಅಂದ್ಮೇಲೆ ಲೆವೆಲನ್ನ ಬಿಗಿಯಾಗಿ ಯಾಕೆ ಹಿಡೀಬೇಕು? ಇಂಟೆಗ್ರಲ್ ಕಿತ್ತುಹಾಕಿ, ಬರೀ ಪಿ, ಗೇನ್ 1. ಲೆವೆಲ್ 40 ಇದ್ರೆ ವಾಲ್ವ್ 40, ಲೆವೆಲ್ 60 ಇದ್ರೆ ವಾಲ್ವ್ 60. ಫ್ಲೋ ಬೆಣ್ಣೆ ಥರ ಹೋಗುತ್ತೆ. ಲೆವೆಲ್ 50ರಲ್ಲೇ ಇರಬೇಕು ಅಂತ ಯಾರೂ ದುಡ್ಡು ಕೊಡಲ್ಲ.

ಹಳೇ ಮೀಟರ್ | ಗುರುವಾರ ಸಂಜೆ 6:00

ಡ್ರಮ್ ಆಗಿದ್ದರೆ ಒಪ್ಪುತ್ತಿದ್ದೆ. ಇದು ಥರ್ಮೋಸೈಫನ್ ರೀಬಾಯ್ಲರ್ (ಪಂಪ್ ಇಲ್ಲದೆ ದ್ರವ ತಾನೇ ಸುತ್ತುವ ಕುದಿಸುವ ಸಲಕರಣೆ) ಇರುವ ಸಂಪ್ ಆಗಿದ್ದರೆ, ಲೆವೆಲ್ ಅಲ್ಲಾಡಿದಂತೆ ರೀಬಾಯ್ಲರ್ ಒಳಗಿನ ಸುತ್ತಾಟವೂ ಬದಲಾಗುತ್ತದೆ, ಶಾಖವೂ ಬದಲಾಗುತ್ತದೆ. ಬರೀ ಪಿ ಸರಿ, ಗೇನ್ 2 ಇಡಿ. ಇಂಟೆಗ್ರಲ್ ಬೇಕೇ ಬೇಕು ಎಂದು ಮ್ಯಾನೇಜರ್ ಹಟ ಹಿಡಿದರೆ 30 ನಿಮಿಷ. 2 ಗುಣಿಸು 30, 60, 48 ದಾಟಿತು.

ಉತ್ತರ ಪಿನಾಕಿನಿ | ಗುರುವಾರ ಸಂಜೆ 6:25

ಒಂದೂವರೆಗೆ ಬನ್ನಿ, ರಾಜಿ ಆಗೋಣ.

ಹಳೇ ಮೀಟರ್ | ಗುರುವಾರ ಸಂಜೆ 6:31

ಸಂತೆಯಲ್ಲಿ ಹುಣಸೆಹಣ್ಣು ಕೊಳ್ಳುತ್ತಿಲ್ಲ ಸ್ವಾಮಿ. 2.

ಮಾಲೂರು ಬಾಯ್ಲರ್ | ಗುರುವಾರ ರಾತ್ರಿ 9:10

ನೀವಿಬ್ರೂ ಜಗಳ ಆಡಿ. ಬಿ ಶಿಫ್ಟ್, ಲೂಪ್ ಬದಲಾಯಿಸೋ ಮುಂಚೆ ಒಂದು ವಿಷಯ. ಇನ್‌ಸ್ಟ್ರುಮೆಂಟ್ ಏರ್ (ವಾಲ್ವ್ ನಡೆಸೋ ಗಾಳಿ) ಹೋದ್ರೆ ಸ್ಟೀಮ್ ವಾಲ್ವ್ ಮುಚ್ಚಬೇಕು, ರಿಫ್ಲಕ್ಸ್ ಮತ್ತೆ ಕೂಲಿಂಗ್ ನೀರಿನ ವಾಲ್ವ್ ತೆರೆದುಕೊಳ್ಳಬೇಕು. ಚೆಕ್ ಮಾಡಿದೀರಾ? ಕೂಲಿಂಗ್ ನೀರು ನಿಂತ್ರೆ ಸ್ಟೀಮ್ ಕಟ್ ಮಾಡೋ ಟ್ರಿಪ್ ಈ ಪಿಐಡಿಗಳಿಂದ ಬೇರೆಯಾಗಿ, ತನ್ನದೇ ಸ್ವಿಚ್ ಮೇಲೆ ಇರಬೇಕು. ಮೆಥನಾಲ್ ಫ್ಲಾಶ್ ಪಾಯಿಂಟ್ 11-12 ಡಿಗ್ರಿ, ಅಂದ್ರೆ ನಮ್ಮೂರಲ್ಲಿ ವರ್ಷಪೂರ್ತಿ ಹತ್ತಿಕೊಳ್ಳೋಕೆ ರೆಡಿ. ವೆಂಟಿಂದ ಆವಿ ಬಂದ್ರೆ ಹಗಲು ಬೆಳಕಲ್ಲಿ ಅದರ ಉರಿ ಕಣ್ಣಿಗೂ ಸರಿಯಾಗಿ ಕಾಣಲ್ಲ.

ಬಿ ಶಿಫ್ಟ್ | ಶುಕ್ರವಾರ ರಾತ್ರಿ 12:15

ಸ್ಟೀಮ್ ಮುಚ್ಚುತ್ತೆ, ನೀರು ತೆರೆಯುತ್ತೆ. ರಿಫ್ಲಕ್ಸ್ ವಾಲ್ವ್ ಏರ್ ಹೋದ್ರೆ ಮುಚ್ಚೋ ಥರ ಇದೆ. ಬದಲಾಯಿಸೋಕೆ ಬರೆದು ಕೊಟ್ಟಿದೀನಿ. ನೀರಿನ ಟ್ರಿಪ್ ಬೇರೆ ಇದೆ, ಇವತ್ತು ಪರೀಕ್ಷೆ ಮಾಡಿದ್ವಿ, ಕೆಲಸ ಮಾಡ್ತು.

ಬಾಟಮ್ಸ್ ವಾಲ್ವ್ ಹತ್ರ ಟಾರ್ಚ್ ಹಿಡ್ಕೊಂಡು ನಿಂತೆ. ಕಂಟ್ರೋಲ್ ರೂಮಿಂದ ಅರ್ಧರ್ಧ ಏರಿಸಿಸ್ದೆ. 40.5, ಇಲ್ಲ. 41, ಇಲ್ಲ. 42.5ರ ತನಕ ಕಾಂಡ ಕಲ್ಲು. 43ಕ್ಕೆ ಟಕ್ ಅಂತ ಹಾರಿತು. ಗ್ಲಾಂಡ್ ಪ್ಯಾಕಿಂಗನ್ನ ಸೋರಿಕೆ ನಿಲ್ಲಿಸೋಕೆ ಯಾರೋ ಜೋರಾಗಿ ಬಿಗಿದಿದ್ರು. ನಾಳೆ ಹೊಸ ಪ್ಯಾಕಿಂಗ್, ಪೊಸಿಷನರ್ ಕ್ಯಾಲಿಬ್ರೇಷನ್.

ತಟ್ಟೆ ಇಡ್ಲಿ | ಶನಿವಾರ ಬೆಳಿಗ್ಗೆ 9:40

7ನೇ ಟ್ರೇ ಅಂತ ತೀರ್ಮಾನ ಆದ್ರೆ, ಅದನ್ನ ರಿಫ್ಲಕ್ಸ್‌ಗೆ ಕಟ್ಟೋದೋ ಸ್ಟೀಮ್‌ಗೋ?

ಹಳೇ ಮೀಟರ್ | ಶನಿವಾರ ಮಧ್ಯಾಹ್ನ 12:20

ಸ್ಟೀಮ್‌ಗೆ. ಉಗಿ ಬದಲಿಸಿದರೆ ಆವಿ ಎಲ್ಲಾ ಟ್ರೇಗಳನ್ನೂ ಹೆಚ್ಚುಕಡಿಮೆ ಒಟ್ಟಿಗೇ ಮುಟ್ಟುತ್ತದೆ. ರಿಫ್ಲಕ್ಸ್ ಬದಲಿಸಿದರೆ ದ್ರವ ಒಂದೊಂದೇ ಟ್ರೇ ಇಳಿದು ಬರಬೇಕು. ಒಂದೊಂದಕ್ಕೆ ಕೆಲವು ಸೆಕೆಂಡು, 23 ಟ್ರೇ ಇಳಿಯುವಷ್ಟರಲ್ಲಿ ಕೆಲವು ನಿಮಿಷ ಕಳೆದಿರುತ್ತದೆ. ಕಾಯಬೇಕಾದ ಲೂಪು ಕೆಟ್ಟ ಲೂಪು.

ಬಿ ಶಿಫ್ಟ್ | ಮುಂದಿನ ಬುಧವಾರ ರಾತ್ರಿ 11:50

ತಡವಾಯ್ತು, ಫೀಡ್ ಇರಲಿಲ್ಲ.

ವಾಲ್ವ್ ಸರಿ ಹೋಯ್ತು. ಸಂಪ್ ಲೆವೆಲ್ ಬರೀ ಪಿ, ಗೇನ್ 2 (ಪಿನಾಕಿನಿ ಸಾರ್ ಕ್ಷಮಿಸಿ). ರಿಫ್ಲಕ್ಸ್ 2ರಷ್ಟು ಇಳಿಸಿದಾಗ 7ನೇ ಟ್ರೇ 4 ಡಿಗ್ರಿ ಏರಿತು, 14ನೇದು 0.8, 3ನೇದು 0.3, 27ನೇದು 0.2. ಏರಿಸಿದಾಗ 7ನೇದು ಮೂರೂವರೆ ಇಳೀತು. ಹಾಗಾಗಿ 7.

ಸ್ಟೀಮ್ ಫ್ಲೋ ಕ್ಯಾಸ್ಕೇಡ್ ಹಾಕಿದ್ವಿ. ಸ್ಟೀಮ್ 2 ಅಂಕ ಏರಿಸಿ ನೋಡಿದೆ: ಒಂದೂವರೆ ನಿಮಿಷ ಏನೂ ಇಲ್ಲ, ಆಮೇಲೆ ನಿಮಿಷಕ್ಕೆ 0.6 ಡಿಗ್ರಿ ಏರಿಕೆ. ಆರ್‌ಟಿಡಿ ರೇಂಜ್ 150 ಡಿಗ್ರಿ, ಅಂದ್ರೆ ನಿಮಿಷಕ್ಕೆ 0.4 ಅಂಕ, 2ರಿಂದ ಭಾಗಿಸಿದ್ರೆ 0.2. ಹಳೇ ಮೀಟರ್ ಸಾರ್ ಫೋನಲ್ಲಿ ಹೇಳಿಕೊಟ್ಟ ಸ್ಕೋಗೆಸ್ಟಾಡ್ ಸೂತ್ರ ಹಾಕ್ದೆ. ಕಾಯೋ ಸಮಯ 1.5, ನಾವು ಕೇಳೋ ವೇಗ 3, ಕೂಡಿಸಿದ್ರೆ 4.5. ಗೇನ್ 1 ಭಾಗಿಸು 0.2 ಗುಣಿಸು 4.5, ಸುಮಾರು 1.1. ಇಂಟೆಗ್ರಲ್ ಅದರ ನಾಲ್ಕು ಪಟ್ಟು, 18 ನಿಮಿಷ. ಹಾಕಿ ಬಿಟ್ಟೆ. ಆಮೇಲೆ ಮುಟ್ಟಿಲ್ಲ.

ಮೇಲಿನ ತಾಪಮಾನಕ್ಕೆ ಲೂಪೇ ಇಲ್ಲ ಈಗ. ರಿಫ್ಲಕ್ಸ್ ಫೀಡ್ ಜೊತೆ ಅನುಪಾತದಲ್ಲಿ. ತಲೆ 62.3 ತೋರಿಸ್ತಿದೆ, ಲ್ಯಾಬ್ 99.6. ತಳದಲ್ಲಿ 0.07. 1 ಗ್ರಾಂ ಮೆಥನಾಲ್‌ಗೆ ಸಿಒಡಿ (ಕೊಳಕನ್ನ ಆಮ್ಲಜನಕದ ಲೆಕ್ಕದಲ್ಲಿ ಅಳೆಯೋದು) 1.5 ಗ್ರಾಂ ಲೆಕ್ಕ, ಅಂದ್ರೆ ಲೀಟರ್‌ಗೆ ಸುಮಾರು 1050 ಮಿಲಿಗ್ರಾಂ. ಇಟಿಪಿಯೋರು ನಾಲ್ಕು ದಿನದಿಂದ ಫೋನ್ ಮಾಡಿಲ್ಲ. ಉಗಿ ಎಷ್ಟು ಉಳೀತು ಅಂತ ತಿಂಗಳ ಬಿಲ್ ನೋಡಿ ಹೇಳ್ತೀನಿ.

ನಿನ್ನೆ ಸಿ ಶಿಫ್ಟ್ ಆಪರೇಟರ್ ಹಳೇ ಅಭ್ಯಾಸಕ್ಕೆ ರಾತ್ರಿ ಎರಡಕ್ಕೆ ಸ್ಟೀಮ್ ಮ್ಯಾನುಯಲ್ ಮಾಡಿ, ತಲೆ ತಾಪಮಾನ 64.7ಕ್ಕೆ ತರೋಕೆ ಹೊರಟಿದ್ದ. ಅವನ ತಪ್ಪಲ್ಲ. ಪ್ಯಾನಲ್ ಮೇಲೆ ಕೆಂಪು ಸ್ಟಿಕ್ಕರ್ ಇನ್ನೂ 64.7 ಅಂತಲೇ ಇತ್ತು. ಇವತ್ತು ಉಗುರಲ್ಲಿ ಕಿತ್ತೆ. ಅಂಟು ಹೋಗಿಲ್ಲ.

ಮಾಲೂರು ಬಾಯ್ಲರ್ | ಗುರುವಾರ ಬೆಳಿಗ್ಗೆ 6:05

ಸೀಮೆಎಣ್ಣೆ ಬಟ್ಟೆಯಲ್ಲಿ ಒರೆಸಿ, ಹೋಗುತ್ತೆ. ಕಾಲಂ ಹತ್ರ ಅಲ್ಲ, ಕಂಟ್ರೋಲ್ ರೂಮಲ್ಲಿ.